ಕಪ್ಪು ಕಣಜ, ಹಳದಿ ಕಣಜ

ಗುರುವಾರ, ೧೪ ನವೆಂಬರ್ ೨೦೨೪

ಮೂರು ವಾರದಿಂದ ನಿಶ್ಮಿತಾ ಲ್ಯಾಬಿನಲ್ಲಿ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಅವಳ ತಪ್ಪೇನೂ ಇರಲಿಲ್ಲ.

ಮಾವಿನೆಲೆಯಲ್ಲಿ ಗಂಟು ಎಬ್ಬಿಸುವ ನೊಣದ ಮರಿಯನ್ನು ಒಳಗೇ ತಿಂದು ಬೆಳೆಯುವ ಕಣಜಗಳನ್ನು ನಾನು ಅಭ್ಯಾಸ ಮಾಡುತ್ತಿದ್ದೆ, ಎಳ್ಳಿಗಿಂತ ಸಣ್ಣವು. ಕಪ್ಪಗಿದ್ದವೆಲ್ಲ ಹೆಣ್ಣು, ಹಳದಿಯವೆಲ್ಲ ಗಂಡು, ಅವುಗಳ ಕುಡಿಮೀಸೆ ಬಾಚಣಿಗೆಯಂತೆ ಕವಲೊಡೆದಿತ್ತು. ಇಷ್ಟು ಬೇರೆ ಕಾಣುವವು ಎರಡು ಜಾತಿಯೇ ಇರಬೇಕು, ಕಪ್ಪು ಜಾತಿಯ ಗಂಡೂ ಹಳದಿ ಜಾತಿಯ ಹೆಣ್ಣೂ ಇನ್ನೂ ಸಿಕ್ಕಿಲ್ಲ ಎಂದುಕೊಂಡು ಲೇಖನವನ್ನೂ ಬರೆದು ಮುಗಿಸಿದ್ದೆ. ‘ಒಂದೇ ಜಾತಿಯ ಗಂಡು ಹೆಣ್ಣು ಇರಬಹುದಲ್ಲ’ ಎಂದ ನಿಶ್ಮಿತಾಗೆ ಎಲ್ಲರೆದುರು, ‘ನಿನಗೇನ್ ಗೊತ್ತೈತಿ?’ ಅಂದುಬಿಟ್ಟಿದ್ದೆ.

ಇವತ್ತು ಮಧ್ಯಾಹ್ನ ಒಂದೇ ಗಾಜಿನ ಶೀಶೆಯಲ್ಲಿಟ್ಟಿದ್ದ ಎಲೆಗಂಟಿನಿಂದ ಒಂದು ಕಪ್ಪು, ಒಂದು ಹಳದಿ ಹೊರಬಂದವು. ನಾನು ನೋಡುತ್ತಿದ್ದಂತೆಯೇ ಕೂಡಿದವು. ನಿಶ್ಮಿತಾಳನ್ನು ಕರೆದೆ. ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ‘ಅರೇ, ಶಾದಿ ಆಯ್ತಾ ಇವರದ್ದು?’ ಅಂದಳು.

‘ನಂದs ತಪ್ಪಾತು. ಅವತ್ತು ಹಂಗ ಅನ್ನಬಾರದಿತ್ತು.’

‘ಪೇಪರ್ ಕಳಿಸಿದ್ದೀಯಾ?’

‘ಇಲ್ಲ. ನಾಳೆ ಕಳಸಾಕಿ ಇದ್ದೆ.’

‘ಬಚ್ ಗಯೀ, ಬಚಾವಾದೆ ಮಾರಾಯ್ತಿ!’ ಎಂದು ಬೆನ್ನಿಗೆ ಗುದ್ದಿದಳು. ನನಗೆ ಅಳುವೇ ಬಂತು. ಅಚ್ಚಾಗಿದ್ದರೆ ಇಲ್ಲದ ಒಂದು ಜಾತಿ ನನ್ನ ಹೆಸರಿನಲ್ಲಿ ಉಳಿದುಬಿಡುತ್ತಿತ್ತು.

ಸಂಜೆ ಪರೇಲ್‌ನಲ್ಲಿ ಒಟ್ಟಿಗೇ ಲೋಕಲ್ ಹತ್ತಿದೆವು. ದಾದರ್‌ನಲ್ಲಿ ಸೀಟು ಸಿಕ್ಕಿತು. ಅವಳು ನನ್ನ ಭುಜಕ್ಕೆ ತಲೆಯಿಟ್ಟು ಸಯನ್‌ವರೆಗೂ ನಿದ್ದೆ ಹೋದಳು. ನಾನು ಅಲುಗಾಡದೆ ಕೂತಿದ್ದೆ.