ಕಂಬಳಿಯ ಮೂಲೆಯ ಕೆಂಪು ಎಳೆಗಳು

ಅಭಿವೃದ್ಧಿ ನೆರವು ಮತ್ತು ವಲಸೆ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ನೆರವಿನಿಂದ ನಡೆಯುತ್ತಿರುವ ವಸತಿ ಕೇಂದ್ರದಲ್ಲಿ ನನ್ನ ಲಾಂಡ್ರಿಯ ಹೆಂಗಸೊಬ್ಬಳನ್ನು ಕೂಡಿಹಾಕಿದ್ದರು. ಅವಳು ಈಗ ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ ಎಂದು ಹೇಳುವವರಿಲ್ಲ. ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ನಿಮ್ಮ ಕಚೇರಿಯ ಮೊಹರು ಬಿತ್ತು, ಉತ್ತರ ಬರಲಿಲ್ಲ. ಮುಚ್ಚಿದ ಲಕೋಟೆ ಒಡೆಯಲು ನಿಮಗೆ ಪುರುಸೊತ್ತಿಲ್ಲವೆಂದು ತಿಳಿದು ಈ ಐದನೆಯದನ್ನು ತೆರೆದೇ ಕಳಿಸುತ್ತಿದ್ದೇನೆ. ಊರೆಲ್ಲ ಓದಿ ಮುಗಿಸಿದ ಮೇಲಾದರೂ ನಿಮ್ಮ ಮೇಜಿಗೆ ಬಂದೀತು.

ನಾನು ಹೈಸ್ಕೂಲಿನವರೆಗೆ ಓದಿದವಳು. ಮೂವತ್ತನಾಲ್ಕು ವರ್ಷಗಳಿಂದ ಲಾಂಡ್ರಿ ನಡೆಸುತ್ತಿದ್ದೇನೆ. ಬೇರೆಯವರ ಕೊಳೆ ತೊಳೆಯುವುದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಂಡಿಲ್ಲ. ಮೂರು ವರ್ಷದ ಹಿಂದೆ ನಿಮ್ಮ ಅಧಿಕಾರಿಗಳು ಬಂದು ನನಗೆ ಎರಡು ದೊಡ್ಡ ಯಂತ್ರಗಳನ್ನು ಕೊಟ್ಟರು. 'ಸ್ವಂತ ನೆಲದಲ್ಲಿ ಘನತೆಯ ಬದುಕು' ಎಂದು ಅದರ ಮೇಲೆ ಚೀಟಿ ಅಂಟಿಸಿ, ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ಫೋಟೊ ತೆಗೆದರು. ಇಲ್ಲೇ ಕೆಲಸ ಸಿಕ್ಕರೆ ಜನ ಗಡಿ ದಾಟಿ ಹೋಗುವುದಿಲ್ಲ ಎಂದು ಭಾಷಣವೂ ಆಯಿತು. ನಾನು ಎದ್ದು ನಿಂತು ಕೇಳಿದೆ: "ಹೋಗೋರ ವಿಷಯ ಸರಿ ಸಾರ್. ಬೇರೆ ಕಡೆಯಿಂದ ಇಲ್ಲಿಗೆ ಬಂದುಬಿಟ್ಟಿದಾರಲ್ಲ, ಅವರ ಗತಿ?" ನಿಮ್ಮವರೊಬ್ಬರು ನಕ್ಕು, "ಅದು ನೆರವಿನ ಒಪ್ಪಂದದ ಇನ್ನೊಂದು ಪುಟದಲ್ಲಿದೆ, ಅಮ್ಮಾ" ಎಂದರು. ಆ ಪುಟ ಓದಲು ಕೊಡಿ ಎಂದು ನಾನು ಕೇಳಲಿಲ್ಲ. ಹೊಸ ಯಂತ್ರ ಬಂದ ಸಂಭ್ರಮದಲ್ಲಿದ್ದೆ.

ಆರು ತಿಂಗಳಿಗೆ ಆ ಪುಟ ಊರಾಚೆ ತಂತಿ ಬೇಲಿಯಾಗಿ ಎದ್ದು ನಿಂತಿತು. ಹಳೆಯ ಗೋದಾಮಿಗೆ ಸುಣ್ಣ ಹೊಡೆದು 'ತಾತ್ಕಾಲಿಕ ವಸತಿ ಕೇಂದ್ರ' ಎಂದು ಬರೆದು, ಬೇರೆ ಕಡೆಯಿಂದ ಬಂದ ಪರವಾನಗಿಯಿಲ್ಲದವರನ್ನು ಹಿಡಿದು ಒಳಗೆ ತುಂಬಿದರು. ಒಳಗಿನವರಿಗೆ ಹೊರಗೆ ಬರಲು ಬಿಡದ ವಸತಿಯನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ಅಲ್ಲಿನ ಕಂಬಳಿಗಳನ್ನು ತೊಳೆಯುವ ಕೆಲಸ ನನಗೆ ಬಂತು. ಪ್ರತಿ ಮಂಗಳವಾರ ವ್ಯಾನಿನಲ್ಲಿ ಇನ್ನೂರು ಕಂಬಳಿ.

ನಿಮಗೆ ನನ್ನ ಲಾಂಡ್ರಿಯ ಒಂದು ಪದ್ಧತಿ ಹೇಳಬೇಕು. ಬಟ್ಟೆ ಅದಲುಬದಲಾಗದಂತೆ ಒಂದೊಂದು ಗಿರಾಕಿಗೂ ಮೂಲೆಯಲ್ಲಿ ದಾರದ ಗುರುತು ಹಾಕುತ್ತೇವೆ. ಕೇಂದ್ರದ್ದು ನೀಲಿ ದಾರದ ಎರಡು ಹೊಲಿಗೆ. ಕಾಯಿಲೆಯವರು ಹೊದ್ದ ಬಟ್ಟೆಯಾದರೆ ಗುರುತಿನ ಪಕ್ಕದಲ್ಲಿ ಅಡ್ಡಡ್ಡ ಕತ್ತರಿ ಹೊಲಿಗೆ. ಅದನ್ನು ಬೇರೆ ಮಾಡಿ ಕುದಿಸಬೇಕು. ಯಾರ ಮನೆಯ ಬಟ್ಟೆ ಇನ್ನು ಮುಂದೆ ಬರುವುದಿಲ್ಲವೋ ಅವರ ಗುರುತನ್ನು ಬಿಚ್ಚಿ ತೆಗೆದು ಕೊನೆಯ ಗಂಟು ಕಳಿಸುತ್ತೇವೆ. ಇದು ನನ್ನ ಅತ್ತೆ ಕಲಿಸಿದ್ದು. ಈ ಛಾವಣಿಯ ಕೆಳಗೆ ಕೆಲಸ ಮಾಡಿದವರಿಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲ.

ನಾನು ಮೊದಲು ಹೇಳಿದ ಆ ಹೆಂಗಸಿಗೆ, ಕೆಂಡಳಿಗೆ, ಗೊತ್ತಿತ್ತು. ಇಸ್ತ್ರಿ ಪೆಟ್ಟಿಗೆ ಆರಲು ಬಿಡದೆ ದುಡಿಯುತ್ತಿದ್ದುದರಿಂದ ನನ್ನ ದೊಡ್ಡ ಸೊಸೆ ಅವಳಿಗೆ ಇಟ್ಟ ಹೆಸರು ಅದು. ಊರೆಂಬುದೇ ಉಳಿಯದೆ, ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದವಳು. ನಾಲ್ಕು ವರ್ಷ ನನ್ನ ಬಳಿ ಇದ್ದಳು. ನಾನು ಬೈದರೆ, "ಅಮ್ಮಾ, ಆಮೇಲೆ ಬೈಯಿರಿ, ಈಗ ಕಾಲರ್ ಸುಟ್ಟುಹೋಗತ್ತೆ" ಎನ್ನುತ್ತಿದ್ದಳು. ನನಗೆ ಎದುರು ಮಾತಾಡಿ ಕೆಲಸ ಉಳಿಸಿಕೊಂಡವಳು ಅವಳೊಬ್ಬಳೇ. ಅವಳ ವಾಸದ ಪರವಾನಗಿಯ ಅರ್ಜಿ ನಿಮ್ಮ ಕಚೇರಿಯಲ್ಲಿ ಏಳು ತಿಂಗಳಿನಿಂದ ಬಿದ್ದಿತ್ತು. ಅದೇನಾಯಿತೆಂದು ಕೇಳಲು, ನಾನು ಹೆಣೆದುಕೊಟ್ಟ ಕೆಂಪು ಸ್ವೆಟರ್ ಹಾಕಿಕೊಂಡು, ರಸೀದಿ ಹಿಡಿದು ಹೋದಳು. ಸರದಿಯಲ್ಲಿ ನಿಂತವಳನ್ನು ಅಲ್ಲಿಂದಲೇ ಕರೆದೊಯ್ದರು. ತಡ ಮಾಡಿದವರು ನೀವು, ತಪ್ಪಿತಸ್ಥಳು ಅವಳು. ನಿಯಮ ಪಾಲಿಸಲು ಬಂದವರನ್ನು ಹಿಡಿಯುವುದು ಎಷ್ಟು ಸುಲಭ ಅಲ್ಲವೇ, ಮಾನ್ಯರೇ? ಓಡಿಹೋಗುವವರನ್ನಾದರೆ ಬೆನ್ನಟ್ಟಬೇಕು.

ಗೇಟಿಗೆ ಹೋಗಿ ಕೇಳಿದೆ. ರಕ್ತಸಂಬಂಧಿಯಲ್ಲದವರಿಗೆ ಮಾಹಿತಿ ಇಲ್ಲ ಎಂದರು. ಅವಳಿಗಿದ್ದ ರಕ್ತಸಂಬಂಧ ಆರು ವರ್ಷದ ಮಗಳೊಬ್ಬಳೇ. ಅದನ್ನು ಗೇಟಿಗೆ ಕರೆದೊಯ್ದರೆ ಅದನ್ನೂ ಒಳಗೆ ಹಾಕುತ್ತಾರೆಂದು ಸೊಸೆ ಬಿಡಲಿಲ್ಲ. ಮಗು ನನ್ನ ಮನೆಯಲ್ಲೇ ಉಳಿಯಿತು.

ಮುಂದಿನದು ನನ್ನ ತಪ್ಪಿನ ಕಥೆ. ಆದರೂ ಬರೆಯುತ್ತೇನೆ.

ಚಳಿ ಶುರುವಾದ ಮೇಲೆ ಕೇಂದ್ರದ ಕಂಬಳಿಗಳಲ್ಲಿ ನನ್ನ ನೀಲಿ ಗುರುತಿನ ಪಕ್ಕ ಕೆಂಪು ಎಳೆ ಕಾಣಿಸಿತು. ಮೊದಲ ವಾರ ಎರಡರಲ್ಲಿ. ಮುಂದಿನ ವಾರ ಐದರಲ್ಲಿ. ಆಮೇಲೆ ಹನ್ನೊಂದು. ಸೂಜಿ ಇಲ್ಲದೆ ಯಾವುದೋ ಕಡ್ಡಿಯಿಂದ ತೂರಿಸಿದ ಅಡ್ಡಾದಿಡ್ಡಿ ಎಳೆಗಳು. ಬೇಲಿಯೊಳಗಿನವರು ಯಾರೋ ಬೇಸರ ಕಳೆಯಲು ಆಟವಾಡುತ್ತಿದ್ದಾರೆ ಅಂದುಕೊಂಡೆ. "ನನ್ನ ಗುರುತಿನ ಮೇಲೆ ಕೈ ಹಾಕೋಕೆ ಇವರು ಯಾರು?" ಎಂದು ವ್ಯಾನಿನ ಚಾಲಕನ ಮೇಲೆ ರೇಗಿದೆ. "ನಂಗೇನು ಗೊತ್ತಮ್ಮಾ, ನಾನು ಗಂಟು ಹೊರೋನು, ಗಂಟು ಕಟ್ಟೋನಲ್ಲ" ಎಂದ. ಎಲ್ಲವನ್ನೂ ಬಿಚ್ಚಿಸಿ ಡಬ್ಬಿಗೆ ಹಾಕಿಸಿದೆ. ಅಷ್ಟು ಸಾಲದೆಂದು ಕೇಂದ್ರಕ್ಕೆ ದೂರು ಬರೆದೆ: ನಿಮ್ಮಲ್ಲಿ ಯಾರೋ ನನ್ನ ಗುರುತು ಕೆಡಿಸುತ್ತಿದ್ದಾರೆ, ತಡೆಯಿರಿ.

ಮಾನ್ಯರೇ, ಆ ಒಂದು ಪತ್ರಕ್ಕೆ ಎರಡೇ ದಿನದಲ್ಲಿ ಉತ್ತರ ಬಂತು. 'ಸಂಬಂಧಿಸಿದವರನ್ನು ಗುರುತಿಸಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ.' ಇಂಥ ಚುರುಕಿನ ಇಲಾಖೆ ಬೇರೆಲ್ಲೂ ಇಲ್ಲವೆಂದು ಸೊಸೆಗೆ ಓದಿ ತೋರಿಸಿದೆ. ಆ ವಾರ ಕೆಂಪು ಎಳೆ ಬರಲಿಲ್ಲ.

ಅದಾಗಿ ಆರು ದಿನಕ್ಕೆ, ಮಗು ಗುಂಡಿ ಹುಡುಕುತ್ತಾ ಆ ಡಬ್ಬಿ ತೆರೆಯಿತು. ಒಂದು ಎಳೆ ಎತ್ತಿ ತನ್ನ ಟೋಪಿಯ ಮೇಲಿಟ್ಟು ನೋಡಿತು. ಆ ಟೋಪಿ ಅವಳ ಅಮ್ಮನ ಸ್ವೆಟರ್ ಹೆಣೆದು ಉಳಿದ ಉಣ್ಣೆಯದು.

"ಅಜ್ಜೀ, ಇದು ಅಮ್ಮಂದು ಅಲ್ವಾ?"

ನಾನು ಕೈಯಾರೆ ಹೆಣೆದ ಉಣ್ಣೆಯ ಗುರುತು ನನಗೇ ಸಿಕ್ಕಿರಲಿಲ್ಲ. ಸೊಸೆ ಬಂದು ಒಂದೊಂದೇ ಎಳೆ ಬಿಡಿಸಿದಳು. ಎಲ್ಲದರಲ್ಲೂ ಅಡ್ಡಡ್ಡ ತೂರಿಸಿದ ಮಡಿಕೆ ಹಾಗೆಯೇ ಉಳಿದಿತ್ತು. "ಅತ್ತೆ, ಇದು ಕತ್ತರಿ ಹೊಲಿಗೆ. ಕಾಯಿಲೆಯೋರ ಕಂಬಳಿ ಅಂತ ಹೇಳ್ತಿದ್ಲು ಕಣ್ರೀ. ಎರಡು, ಐದು, ಹನ್ನೊಂದು. ಒಳಗೆ ಕಾಯಿಲೆ ಹರಡ್ತಿದೆ ಅಂತ ನಿಮಗೆ ಹೇಳ್ತಿದ್ಲು." ಆ ಚಳಿಯಲ್ಲಿ ಮೈಮೇಲಿನ ಸ್ವೆಟರನ್ನೇ ಬಿಚ್ಚಿ ಬಿಚ್ಚಿ ಕೆಂಡ ನನಗೆ ಸುದ್ದಿ ಕಳಿಸಿದ್ದಳು. ಅವಳಿಗೆ ಗೊತ್ತಿದ್ದ, ಬೇಲಿ ದಾಟಬಲ್ಲ ಬರಹ ಅದೊಂದೇ. ಅದನ್ನು ಓದಬಲ್ಲವರು ಈ ಛಾವಣಿಯ ಕೆಳಗಿನವರು ಮಾತ್ರ. ನಾನು ಅದನ್ನು ಬಿಚ್ಚಿಸಿದೆ, ಅದರ ಮೇಲೆ ದೂರನ್ನೂ ಕೊಟ್ಟೆ.

ಮರುದಿನ ಮಂಗಳವಾರ. ಇನ್ನೂರು ಕಂಬಳಿಯನ್ನೂ ನಾನೇ ಕೈಯಾರೆ ಬಿಡಿಸಿದೆ. ನೂರ ತೊಂಬತ್ತೊಂಬತ್ತರಲ್ಲಿ ನೀಲಿ ದಾರ ಇದ್ದ ಹಾಗೆಯೇ ಇತ್ತು. ಒಂದರ ಮೂಲೆ ಖಾಲಿ. ಹರಿದದ್ದಲ್ಲ, ಕತ್ತರಿಸಿದ್ದಲ್ಲ, ನಾವು ಬಿಚ್ಚುವ ರೀತಿಯಲ್ಲೇ ಅಚ್ಚುಕಟ್ಟಾಗಿ, ಬಟ್ಟೆಗೆ ನೋವಾಗದಂತೆ ಬಿಚ್ಚಿದ್ದು. ಇನ್ನು ಬರುವುದಿಲ್ಲ ಎಂದು ಅದರ ಅರ್ಥ. ಎಲ್ಲಿಗೆ ಹೋದರು ಎಂಬುದನ್ನು ನಮ್ಮ ಗುರುತು ಹೇಳುವುದಿಲ್ಲ. ಅದನ್ನು ತಿಳಿದುಕೊಳ್ಳುವುದು ಲಾಂಡ್ರಿಯ ಕೆಲಸವಲ್ಲ.

ಅದು ನಿಮ್ಮ ಕೆಲಸ. ನಿಮ್ಮ ವಾರ್ಷಿಕ ವರದಿಯನ್ನು ಗ್ರಂಥಾಲಯದಲ್ಲಿ ಕುಳಿತು ಓದಿದೆ. ಒಳ್ಳೆಯ ಕಾಗದ. ಬಂದವರ ಸಂಖ್ಯೆ ಇಳಿದದ್ದನ್ನು ಸಾಧನೆ ಎಂದು ಬರೆದಿದ್ದೀರಿ. ನನ್ನ ಯಂತ್ರದ ಫೋಟೊ ಇದೆ, ಪಕ್ಕದಲ್ಲಿ ನಾನೂ ಇದ್ದೇನೆ. ಕೇಂದ್ರದ ಹೆಸರಿನ ಮುಂದೆ ಒಂದು ಸಾಲು: 'ನಿರ್ಗಮಿಸಿದವರು, ಅರವತ್ತಮೂರು.' ಯಾವ ಬಾಗಿಲಿನಿಂದ, ಮಾನ್ಯರೇ? ನಡೆದುಕೊಂಡೋ, ಹೊರಿಸಿಕೊಂಡೋ? ಅವರನ್ನು ನೋಡಲು ವೈದ್ಯರು ಬಂದಿದ್ದರೇ? ದೂರು ಹೇಳಲು ಅವರಿಗೊಂದು ಕಿಟಕಿಯಾದರೂ ಇತ್ತೇ, ಅಥವಾ ಎಲ್ಲರೂ ಸ್ವೆಟರ್ ಬಿಚ್ಚಬೇಕಿತ್ತೇ? ಶಾಲೆಗೂ ಆಸ್ಪತ್ರೆಗೂ ನೆರವು ಕೊಡುತ್ತೇವೆ, ಬದಲಿಗೆ ಜನರನ್ನು ತಡೆದು ಹಿಡಿಯಿರಿ ಎಂದು ಕರಾರು ಮಾಡಿಕೊಂಡಾಗ, ಹಿಡಿದವರನ್ನು ಮನುಷ್ಯರಂತೆ ಇಟ್ಟುಕೊಳ್ಳಿ ಎಂಬ ಒಂದು ಸಾಲು ಬರೆಯಲು ನಿಮ್ಮ ಒಳ್ಳೆಯ ಕಾಗದದಲ್ಲಿ ಜಾಗ ಸಾಲಲಿಲ್ಲವೇ?

ನನ್ನ ತಪ್ಪನ್ನು ಊರಿನ ಮುಂದೆ ಒಪ್ಪಿಕೊಂಡಿದ್ದೇನೆ. ಈ ವಯಸ್ಸಿನಲ್ಲಿ ಅದು ನನಗೆ ಸುಲಭವಾಗಿರಲಿಲ್ಲ. ಇನ್ನು ನಿಮ್ಮ ಸರದಿ. ಆ ಅರವತ್ತಮೂರು ಜನರ ಹೆಸರು, ಅವರು ಹೋದ ಜಾಗ, ಹೋದ ದಿನ, ಇಷ್ಟನ್ನೂ ಗೇಟಿನ ಹೊರಗೆ ಬರೆದು ಹಾಕಿ. ನಿಮ್ಮ ಸಂಬಳ ತಿನ್ನದ ವೈದ್ಯರನ್ನೂ ವಕೀಲರನ್ನೂ ಮುನ್ಸೂಚನೆ ಕೊಡದೆ ಒಳಗೆ ಹೋಗಲು ಬಿಡಿ. ಅದಾಗುವ ತನಕ ಆ ಕೇಂದ್ರಕ್ಕೆ ನಿಮ್ಮ ನೆರವು ನಿಲ್ಲಲಿ. ನಿಮ್ಮ ಯಂತ್ರಗಳು ಬೇಕಾದರೆ ಬಂದು ತೆಗೆದುಕೊಂಡು ಹೋಗಿ. ಕಲ್ಲಿನ ಮೇಲೆ ಒಗೆಯುವುದು ನಾನಿನ್ನೂ ಮರೆತಿಲ್ಲ. ಕಂಬಳಿ ತೊಳೆಯುವ ಕೆಲಸವನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಒಳಗಿನಿಂದ ಹೊರಗೆ ಬರುವ ವಸ್ತು ಅದೊಂದೇ.

ಮತ್ತು ಕೆಂಡ. ಮೊದಲು ಅವಳ ವಿಷಯ ಹೇಳಿ. ಈಗ ಪ್ರತಿ ಮಂಗಳವಾರ ಶಾಲೆಯಿಂದ ಬಂದ ಕೂಡಲೇ ಮಗು ಚೀಲ ಇಳಿಸದೆ ಕಂಬಳಿಗಳ ಮುಂದೆ ಕೂರುತ್ತದೆ. ನೂರ ತೊಂಬತ್ತೊಂಬತ್ತರ ಮೂಲೆಯನ್ನೂ ಒಂದೊಂದಾಗಿ ತಿರುವಿ ನೋಡುತ್ತದೆ. ಖಾಲಿ ಮೂಲೆಯ ಕಂಬಳಿಯನ್ನು ನಾನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಆ ಮಗು ನಮ್ಮ ಗುರುತುಗಳನ್ನೆಲ್ಲ ಕಲಿಯುತ್ತಿದೆ, ಅದೊಂದನ್ನು ಇನ್ನೂ ಕಲಿಸಿಲ್ಲ.

ಇಂತಿ,
ತನಗೆ ಬಂದ ಪತ್ರವನ್ನು ಓದದೆ ಬಿಚ್ಚಿ ಹಾಕಿದವಳು,
ಬಸ್ ನಿಲ್ದಾಣದ ಹಿಂದಿನ ಲಾಂಡ್ರಿಯ ಯಜಮಾನಿ