ಒಂದು ಫೋನ್ ನಂಬರಿನ ಇಪ್ಪತ್ತೆರಡು ಜನ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಹೆಂಡತಿಯನ್ನು ಯಾವ ಗುಂಡಿಯಲ್ಲಿ ಹೂಳಿದಿರಿ ಎಂಬುದು ನನಗೆ ಗೊತ್ತಿಲ್ಲ. ನಿಮ್ಮ ಕಚೇರಿಗೆ ಗೊತ್ತಿದೆ. ನಾಲ್ಕು ವರ್ಷದಿಂದ ನಾನು ಕೇಳುತ್ತಿರುವುದು ಇಷ್ಟನ್ನೇ. ಆರು ಅರ್ಜಿಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಏಳನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ಮೊದಲಿನ ಆರನ್ನು ಇಂಗ್ಲಿಷಿನಲ್ಲಿ ಬರೆದಿದ್ದೆ. 'ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್' ಎಂದು ಶುರುಮಾಡಿ 'ಕೈಂಡ್ಲಿ ಡೂ ದಿ ನೀಡ್‌ಫುಲ್' ಎಂದು ಮುಗಿಸಿದ್ದೆ. ನಡುವೆ ಏನು ಬರೆದೆನೋ ನನಗೂ ಪೂರ್ತಿ ಭರವಸೆ ಇಲ್ಲ; ಕಾಲೇಜು ಬಿಟ್ಟು ನಲವತ್ತು ವರ್ಷವಾಯಿತು, ಅದೂ ಎರಡನೆಯ ವರ್ಷಕ್ಕೇ ಬಿಟ್ಟದ್ದು. ಆದರೂ ನಮ್ಮ ಸಾಲಿನವರು ನನ್ನನ್ನು ಬಿ.ಎ. ಅಣ್ಣ ಎಂದೇ ಕರೆಯುವುದು. ಈ ಬಿರುದೇ ನನ್ನನ್ನು ಮುಳುಗಿಸಿತು, ಅದನ್ನು ಮುಂದೆ ಹೇಳುತ್ತೇನೆ.

ರದ್ದಿ ಗೋದಾಮಿನ ಹಿಂದೆ ಆರು ಕೋಣೆಗಳ ಸಾಲು ನಮ್ಮದು. ಇಪ್ಪತ್ತೆರಡು ಜನ, ಒಂದು ನಲ್ಲಿ. ನಾನು ಗೋದಾಮಿನ ತಕ್ಕಡಿಯ ಮುಂದೆ ಕೂರುವವನು. ಮೂರು ಕೋಣೆಗಳಲ್ಲಿ ಕಾಡಿನವರು. ಕಾಡನ್ನು ಕಾಪಾಡುವ ಸಲುವಾಗಿ ಕಾಡಿನಲ್ಲಿ ಹುಟ್ಟಿದವರನ್ನೇ ಅಲ್ಲಿಂದ ಎಬ್ಬಿಸಿದ್ದು ಯಾವ ಇಲಾಖೆಯೋ, ನಿಮ್ಮದಲ್ಲ ಬಿಡಿ. ಅಲ್ಲಿ ಜೇನು ಬಿಡಿಸುತ್ತಿದ್ದವರು ಇಲ್ಲಿ ರದ್ದಿ ಆರಿಸುತ್ತಾರೆ, ಮಾರುಕಟ್ಟೆ ಗುಡಿಸುತ್ತಾರೆ. ರೋಗದ ವರ್ಷ ಆ ಎರಡೂ ಕೆಲಸ ನಿಂತುಹೋದವು. ಆಗ ನೀವು ನಮ್ಮ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದಿರಿ: ಸೋಂಕಿತರು ಪ್ರತ್ಯೇಕ ಕೋಣೆಯಲ್ಲಿರತಕ್ಕದ್ದು, ಪ್ರತ್ಯೇಕ ಶೌಚಾಲಯ ಬಳಸತಕ್ಕದ್ದು. ಪಕ್ಕದ ಕೋಣೆಯ ಗಾರೆಯವನು ಅದನ್ನು ನನ್ನಿಂದ ಓದಿಸಿಕೊಂಡು, "ಬಿ.ಎ. ಅಣ್ಣ, ಕೋಣೆ ಬೇಕಾದ್ರೆ ನಾನೇ ಕಟ್ಕೊಡ್ತೀನಿ, ಜಾಗ ಅವರು ಕೊಡ್ತಾರಾ ಕೇಳಿ" ಎಂದ. ಕೇಳಬೇಕಿತ್ತು. ನಗುತ್ತಾ ಕೂತೆವು.

ಆಮೇಲೆ ಗಂಟಲ ದ್ರವ ತೆಗೆಯುವ ಗಾಡಿ ಬಂತು. ಮೊಬೈಲ್ ನಂಬರಿಲ್ಲದವರ ಗಂಟಲನ್ನು ಮುಟ್ಟುವಂತಿಲ್ಲ ಎಂಬುದು ನಿಯಮ. ಕಾಡಿನವರ ಬಳಿ ಫೋನೇ ಇರಲಿಲ್ಲ. ಉಳಿದವರ ಫೋನಿಗೆ ಕರೆನ್ಸಿ ಹಾಕಿಸಿ ತಿಂಗಳುಗಳಾಗಿದ್ದವು. ಗಾಡಿಯ ಹುಡುಗಿ ಕತ್ತೆತ್ತದೆ, "ಯಾರದ್ದಾದ್ರೂ ಒಂದು ಹಾಕಿ, ಬೇಗ" ಎಂದಳು. ನಾನು ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ, ಇಪ್ಪತ್ತೆರಡು ಫಾರಂಗಳಿಗೂ ನನ್ನ ನಂಬರನ್ನೇ ಬರೆದೆ. ಎಷ್ಟು ವರ್ಷವಾಗಿತ್ತೋ ನನ್ನ ಇಂಗ್ಲಿಷ್ ಅಕ್ಷರಗಳು ಯಾರಿಗಾದರೂ ಉಪಯೋಗಕ್ಕೆ ಬಂದು! ನನ್ನಾಕೆ ಬಾಗಿಲಲ್ಲಿ ನಿಂತು, "ಇವತ್ತು ಇವರನ್ನ ಹಿಡಿಯೋರಿಲ್ಲ ಕಣ್ರೇ" ಎಂದು ಎಲ್ಲರನ್ನೂ ನಗಿಸಿದಳು.

ನಾಲ್ಕನೆಯ ದಿನ ಫೋನಿಗೆ ಇಪ್ಪತ್ತೆರಡು ಸಂದೇಶ ಬಂದವು. ಏಳು ಪಾಸಿಟಿವ್. ಒಂದರಲ್ಲೂ ಹೆಸರಿಲ್ಲ, ಹದಿಮೂರು ಅಂಕಿಯ ಮಾದರಿ ಸಂಖ್ಯೆ ಮಾತ್ರ. ಆ ಸಂಖ್ಯೆ ಯಾರದೆಂದು ತಿಳಿಸುವ ಚೀಟಿ ನಿಮ್ಮ ಗಾಡಿಯಲ್ಲೇ ಹೋಗಿತ್ತು. ಸಹಾಯವಾಣಿಗೆ ಫೋನ್ ಮಾಡಿದೆ.

"ಈ ನಂಬರ್ ನಿಮ್ದೇ ತಾನೇ ಸಾರ್? ಹಾಗಾದ್ರೆ ನೀವೇ ಪಾಸಿಟಿವ್."

"ಏಳು ಸಲವೇನಮ್ಮಾ?"

"ಹೌದು ಸಾರ್, ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ. ಹದಿನೈದು ಸಲ ನೆಗೆಟಿವ್ ಕೂಡಾ ಇದೀರ. ಧೈರ್ಯವಾಗಿರಿ."

ಒಂದು ನಂಬರಿಗೆ ಒಬ್ಬ ರೋಗಿ, ಒಬ್ಬ ರೋಗಿಗೆ ಒಂದು ಔಷಧಿ ಪೊಟ್ಟಣ. ಅದೂ ಬಂತು, ಒಂದೇ. ಮಾನ್ಯರೇ, ಇಪ್ಪತ್ತೆರಡು ಗಂಟಲುಗಳನ್ನು ಮುಟ್ಟಿದ ಕೈಗೆ ಅವು ಒಬ್ಬನವಲ್ಲ ಎಂದು ತಿಳಿಯಲಿಲ್ಲವೇ? ಫೋನ್ ಇಲ್ಲದವನನ್ನು ಮನುಷ್ಯನೆಂದು ಎಣಿಸುವುದಕ್ಕೆ ನಿಮ್ಮಲ್ಲಿ ಬೇರೆ ಕಾಲಂ ಇರಲಿಲ್ಲವೇ?

ಆದರೆ ಎಲ್ಲವನ್ನೂ ನಿಮ್ಮ ತಲೆಗೇ ಕಟ್ಟಲಾರೆ. ಸಾಲಿನವರೆಲ್ಲ ನನ್ನ ಬಾಗಿಲಿಗೆ ಬಂದು, "ಯಾರ್ಯಾರಿಗಂತೆ?" ಎಂದು ಕೇಳಿದರು. ಗೊತ್ತಿಲ್ಲ ಎನ್ನಬೇಕಿತ್ತು. ಬಿ.ಎ. ಅಣ್ಣನ ಬಾಯಿಂದ ಆ ಮಾತು ಹೊರಡಲಿಲ್ಲ. ಕೆಮ್ಮುವವರನ್ನೆಲ್ಲ ಲೆಕ್ಕ ಹಿಡಿದು ಏಳು ಜನರನ್ನು ನಾನೇ ಆರಿಸಿದೆ. ಗಾರೆಯವನ ಹೆಸರನ್ನೇ ಮೊದಲು ಹೇಳಿದೆ. ಇಪ್ಪತ್ತು ವರ್ಷದಿಂದ ಸಿಮೆಂಟು ಕುಡಿದ ಕೆಮ್ಮು ಅದು! ಏಳೂ ಜನರನ್ನು ಕೊನೆಯ ಕೋಣೆಯೊಳಕ್ಕೆ ಹಾಕಿದೆವು. ನನ್ನಾಕೆಗೆ ಕೆಮ್ಮಿರಲಿಲ್ಲ. "ಸ್ವಲ್ಪ ಸುಸ್ತು, ಅಷ್ಟೇ ರೀ" ಎನ್ನುತ್ತಿದ್ದಳು. "ನಿನಗೇನೂ ಇಲ್ಲ, ನೀನು ನೆಗೆಟಿವ್" ಎಂದು ಹೇಳಿದವನು ನಾನೇ. ಆ ಧೈರ್ಯದ ಮೇಲೆ ಅವಳು ಒಂಬತ್ತು ದಿನ ಎಲ್ಲರಿಗೂ ನೀರು ಹಿಡಿದಳು, ಅಡುಗೆ ಮಾಡಿ ಬಾಗಿಲಿಗಿಟ್ಟಳು, ಕಾಡಿನ ಅಜ್ಜಿಗೆ ಜ್ವರ ಬಂದಾಗ ಹಣೆ ಒರೆಸಿದಳು. ಒಂದೇ ಒಂದು ಪೊಟ್ಟಣವಿತ್ತಲ್ಲ, ಅದನ್ನೂ ಅಜ್ಜಿಗೇ ಕೊಡಿಸಿದಳು. ಹತ್ತನೆಯ ದಿನ ನಲ್ಲಿಯ ಕಟ್ಟೆಯ ಮೇಲೆ ಕೂತವಳಿಗೆ ಏಳಲಾಗಲಿಲ್ಲ.

ಅವಳನ್ನು, ಅಜ್ಜಿಯನ್ನು, ಗಾರೆಯವನ ತಮ್ಮನನ್ನು ಒಂದೇ ವಾರದಲ್ಲಿ ನಿಮ್ಮ ವಾಹನ ಕರೆದೊಯ್ದಿತು. ಮೂವರೂ ಮರಳಲಿಲ್ಲ. ಮುಖ ತೋರಿಸಲಿಲ್ಲ, ಹತ್ತಿರ ಬಿಡಲಿಲ್ಲ. ಅದು ಆಗಿನ ಕಾಲ, ಒಪ್ಪಿದೆ. ಮುಂದಿನ ವಾರ ಫೋನಿಗೆ ಒಂದೇ ಬೆಳಿಗ್ಗೆ ಮೂರು ಸಂದೇಶ: ಸಾಲು ಒಂಬತ್ತು, ಗುಂಡಿ ಹದಿನಾಲ್ಕು. ಸಾಲು ಒಂಬತ್ತು, ಗುಂಡಿ ಹದಿನೈದು. ಸಾಲು ಹನ್ನೊಂದು, ಗುಂಡಿ ಮೂರು. ಆಗಲೂ ಹೆಸರಿಲ್ಲ.

ಊರಾಚೆಯ ಆ ಬಯಲಿನಲ್ಲಿ ನಂಬರು ಬರೆದ ಗೂಟಗಳಷ್ಟೇ ಇವೆ. ಅಜ್ಜಿಯ ಮಗಳು, ಮಾರುಕಟ್ಟೆ ಗುಡಿಸುವವಳು, ನನ್ನ ಜೊತೆ ಬಂದು, "ನಮ್ಮವ್ವ ಯಾವ್ದಣ್ಣಾ?" ಎಂದಳು. ಅವಳ ಮುಖ ನೋಡಿ ಗೊತ್ತಿಲ್ಲ ಎನ್ನಲು ಎರಡನೆಯ ಸಲವೂ ನನ್ನಿಂದಾಗಲಿಲ್ಲ. ಹದಿನಾಲ್ಕನ್ನು ತೋರಿಸಿದೆ. ಗಾರೆಯವನಿಗೆ ಹದಿನೈದು ಎಂದೆ. ಉಳಿದದ್ದನ್ನು ನಾನಿಟ್ಟುಕೊಂಡೆ. ಅಜ್ಜಿಯ ಮಗಳು ರಜೆಯಿದ್ದಾಗಲೆಲ್ಲ ಹದಿನಾಲ್ಕರ ಪಕ್ಕ ಕೂತು ತಮ್ಮ ಮಾತಿನಲ್ಲಿ ಗಂಟೆಗಟ್ಟಲೆ ಹೇಳಿಕೊಳ್ಳುತ್ತಾಳೆ. ನನಗೆ ಅರ್ಧ ಅರ್ಥವಾಗುತ್ತದೆ. ಮೊನ್ನೆ ಬರುವಾಗ ಕೇಳಿದಳು: "ಅವ್ವ ಕನಸಿಗೇ ಬರ್ತಿಲ್ಲ ಅಣ್ಣಾ. ಜಾಗ ಅದೇ ತಾನೇ?"

"ಅದೇ ಕಣಮ್ಮ" ಎಂದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಈಗ ಮಾತಾಡಿಸುವವರಿಲ್ಲ. ನಾನೇ ಪ್ರಶ್ನೆ ಕೇಳಿ ನಾನೇ 'ಹ್ಞೂಂ' ಅನ್ನುತ್ತೇನೆ. ನನ್ನಾಕೆ ಇದ್ದಿದ್ದರೆ, "ಸುಳ್ಳು ಹೇಳೋಕೂ ಇಂಗ್ಲಿಷ್ ಕಾಲೇಜಿಗೆ ಹೋಗ್ಬೇಕಿತ್ತಾ?" ಎನ್ನುತ್ತಿದ್ದಳು.

ನಿಮ್ಮ ಕಚೇರಿಗೆ ಬಂದಿದ್ದೆ. ಮಾದರಿ ಸಂಖ್ಯೆ, ಹೆಸರು, ಗುಂಡಿ, ಮೂರನ್ನೂ ಬರೆದಿಟ್ಟ ರಿಜಿಸ್ಟರ್ ಬೀರುವಿನ ಮೇಲೆ ಧೂಳು ತಿನ್ನುತ್ತಿದೆ. ಗುಮಾಸ್ತರೇ ಬೆರಳು ಮಾಡಿ ತೋರಿಸಿದರು.

"ಆ ವಿಭಾಗ ಮುಚ್ಚಿದೆ ಯಜಮಾನ್ರೇ, ರೋಗಾನೇ ಮುಗೀತಲ್ಲ. ತೆಗೀಬೇಕು ಅಂದ್ರೆ ಸಾಹೇಬ್ರ ಆರ್ಡರ್ ಬೇಕು."

"ಆರ್ಡರ್ ಬೇಕೋ, ಏಣಿ ಬೇಕೋ?"

"ಎರಡೂ" ಎಂದರು. ಪ್ರಾಮಾಣಿಕ ಮನುಷ್ಯ.

ಏಣಿ ನಾನು ತರುತ್ತೇನೆ. ಗಾರೆಯವನದ್ದಿದೆ. ಆರ್ಡರ್ ನೀವು ಕೊಡಿ. ಮೂರು ಗುಂಡಿಗಳ ಮುಂದೆ ಮೂರು ಹೆಸರು ಬರೆದು ಅದೇ ನಂಬರಿಗೆ ಕಳಿಸಿ. ಪರಿಹಾರ ಬೇಡ, ವಿಷಾದ ಪತ್ರವೂ ಬೇಡ. ನಾನು ತಪ್ಪು ತೋರಿಸಿದ್ದರೆ ಆ ಮಗಳ ಮುಂದೆ ಹೋಗಿ ನಿಲ್ಲಬೇಕಾದವನು ನಾನು, ನೀವು ಬರಬೇಕಾಗಿಲ್ಲ. ಆಮೇಲೆ ನನ್ನಾಕೆಯ ಬಳಿಗೂ ಹೋಗಬೇಕು. 'ನೀನು ನೆಗೆಟಿವ್' ಎಂದದ್ದು ನನ್ನ ಊಹೆಯಾಗಿತ್ತು ಎಂದು ಇವತ್ತು ನಿಮಗೆ ಬರೆದೆ, ಊರಿಗೆಲ್ಲ ಬರೆದೆ. ಅವಳಿಗೆ ಮಾತ್ರ ಇನ್ನೂ ಹೇಳಿಲ್ಲ.

ಇಂತಿ,
ಸದ್ಯಕ್ಕೆ ಮೂರೂ ಕಡೆ ನಿಂತು ಬರುತ್ತಿರುವವನು