ರೆಕಾರ್ಡಿನಲ್ಲಿ ನನ್ನ ಹೆಸರು

ಪ್ರೀತಿಯ ಕ್ಲೀಥಸ್,

ನೀನು ತೀರಿಕೊಂಡು ನಾಲ್ಕು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಇವತ್ತು ಶಿಕಾಗೋದ ನಲವತ್ತೇಳನೇ ಬೀದಿಯಲ್ಲಿ, ಕ್ಷೌರದ ವಿಲ್ಬರ್ಟ್ ತನ್ನ ಅಂಗಡಿಯಲ್ಲಿ ನಿನ್ನ ಮೊದಮೊದಲ ರೆಕಾರ್ಡೊಂದನ್ನು ಹಾಕಿದ. ನಿನ್ನ ಪಿಯಾನೋ ಬ್ಲೂಸ್‌ನ ನೋವನ್ನೇ ಹೇಳುತ್ತ, ಆಗಾಗ ಜಾಝ್‌ನ ತುಂಟತನಕ್ಕೆ ಜಾರುತ್ತಿತ್ತು. ನಡುವೆ ನಿನ್ನ ದನಿ ಕೇಳಿತು: "ಹೊಸಿಯಾ, ಈಗ ನಿನ್ ಬಾಸ್ ಮಾತಾಡ್ಲಿ ಕಣೋ!" ನೀನು ಪಿಯಾನೋದಿಂದ ಕೈ ತೆಗೆದೆ. ದಪ್ಪ ದನಿಯ ಆ ದೊಡ್ಡ ತಂತಿವಾದ್ಯ, ನನ್ನ ಬಾಸ್ ಅನ್ನು, ನಾನೊಬ್ಬನೇ ನುಡಿಸಿದ್ದೆ. ನನಗದು ಮರೆತೇಹೋಗಿತ್ತು.

"ಅಲ್ಲಯ್ಯಾ, ನಂಗೆ ಒಬ್ನೇ ನುಡಿಸೋಕೆ ಒಂದ್ಸಲಾನೂ ಅವಕಾಶ ಕೊಡ್ಲಿಲ್ಲ ಅಂತ ಇಪ್ಪತ್ ವರ್ಷದಿಂದ ಬೈತಿದ್ಯಲ್ಲ, ಇವನನ್ನೇ ತಾನೆ?" ಎಂದು ವಿಲ್ಬರ್ಟ್ ನಕ್ಕ.

ಮುಖದ ತುಂಬ ಸೋಪಿನ ನೊರೆಯಿದ್ದದ್ದು ಒಳ್ಳೆಯದಾಯಿತು. "ಇನ್ನೊಂದ್ಸಲ ಹಾಕು," ಎಂದೆ. ಕಾಯುತ್ತಿದ್ದವರೆಲ್ಲ ನನ್ನ ಬಾಸ್‌ಗೆ ಚಪ್ಪಾಳೆ ತಟ್ಟಿದರು. ಒಬ್ಬ ಮುದುಕ ಕೇಳಿದ: "ಪಿಯಾನೋ ಯಾರದಪ್ಪಾ?"

"ನನ್ ಗೆಳೆಯಂದು," ಎಂದೆ.

ಹೊಸಿಯಾ